ಗಾಡಿ ಹೋಗದ ಊರಲ್ಲಿ ಎರಡು ದಿನ

ಮೇ ತಿಂಗಳು ಬಂತೆಂದರೆ ಮುಂಬೈ ಕನ್ನಡಿಗರಲ್ಲಿ ಎರಡೇ ಪಂಗಡ: ಊರಿಗೆ ಟಿಕೇಟು ಸಿಕ್ಕವರು, ಸಿಗದವರು. 2024ರ ನವೆಂಬರಿನಿಂದ ರೈಲ್ವೆಯವರು ಮುಂಗಡ ಟಿಕೇಟಿನ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಿದ್ದಾರೆ. ಅದರಿಂದ ನಮ್ಮ ಪಾಡೇನೂ ಬದಲಾಗಿಲ್ಲ. ಮೊದಲು ನಾಲ್ಕು ತಿಂಗಳ ಮುಂಚೆ ಸಿಗದಿದ್ದ ಮತ್ಸ್ಯಗಂಧಾ ಟಿಕೇಟು ಈಗ ಎರಡು ತಿಂಗಳ ಮುಂಚೆ ಸಿಗುವುದಿಲ್ಲ, ಅಷ್ಟೇ. ಹೀಗೆ ಉಳಿದುಹೋದವರೆಲ್ಲ ಮಕ್ಕಳ ಮುಖ ನೋಡಲಾರದೆ ಲೋಣಾವಳ, ಅಲಿಬಾಗ್, ಮಹಾಬಳೇಶ್ವರ ಎಂದು ಹೊರಡುತ್ತಾರೆ. 2025ರ ಮೇ ತಿಂಗಳಲ್ಲಿ ನಾವು ಹೋದದ್ದು ಮಾಥೇರಾನಿಗೆ. ಊರಿಗೆ ನಾವು ಹೋಗಲಾಗದ್ದಕ್ಕೆ ಕುಮಟಾ ಬದಿಯಿಂದ ಆಯಿಯೇ ಡೊಂಬಿವಲಿಗೆ ಬಂದಿದ್ದಳು. ಹಾಗಾಗಿ ನಾನು, ಹೆಂಡತಿ, ಇಬ್ಬರು ಮಕ್ಕಳ ಜೊತೆಗೆ ಆಯಿ ಮತ್ತು ಅವಳ ಎರಡು ನೋಯುವ ಮಂಡಿಗಳೂ ಹೊರಟವು.

ಮಾಥೇರಾನಿನಲ್ಲಿ ನೋಡುವುದೇನು ಎಂದು ಯಾರಾದರೂ ಕೇಳಿದರೆ ಸಾಮಾನ್ಯವಾಗಿ ಪನೋರಮಾ ಪಾಯಿಂಟ್, ಎಕೋ ಪಾಯಿಂಟ್, ಶಾರ್ಲೆಟ್ ಕೆರೆ ಎಂದು ಪಟ್ಟಿ ಕೊಡುತ್ತಾರೆ. ನನಗೆ ನೆನಪಿನಲ್ಲಿ ಉಳಿದದ್ದು ಬೇರೆ. ಸುಮಾರು 800 ಮೀಟರ್ ಎತ್ತರದ ಈ ಬೆಟ್ಟದ ಮೇಲೆ ಕಾರು, ಬೈಕು, ಟೆಂಪೋ ಯಾವುದೂ ಇಲ್ಲ. ಆಂಬುಲೆನ್ಸ್, ಅಗ್ನಿಶಾಮಕ ವಾಹನ ಬಿಟ್ಟರೆ ಮೋಟಾರು ಗಾಡಿಗೆ ಪ್ರವೇಶವಿಲ್ಲ. 2003ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಈ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿದ ಮೇಲೆ ಈ ಕಟ್ಟಳೆಗೆ ಇನ್ನಷ್ಟು ಬಲ ಬಂದಿದೆ. ಗಾಡಿ ಇಲ್ಲದ ಊರಿನಲ್ಲಿ ಹೊಗೆ ಇರುವುದಿಲ್ಲ, ಹಾರ್ನ್ ಇರುವುದಿಲ್ಲ, ಅದು ನಮಗೆಲ್ಲ ಗೊತ್ತು. ಆದರೆ ಭಾರ ಎಲ್ಲಿಗೆ ಹೋಗುತ್ತದೆ? ಗಾಡಿ ಇಲ್ಲ ಎಂದಮಾತ್ರಕ್ಕೆ ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಇಟ್ಟಿಗೆ, ಪ್ರವಾಸಿಗರ ಸೂಟ್‌ಕೇಸ್ ಹಗುರವಾಗುವುದಿಲ್ಲವಲ್ಲ. ಅವನ್ನು ಯಾರೋ ಹೊರಬೇಕು. ಮಾಥೇರಾನಿನಲ್ಲಿ ಆ ಹೊರುವವರು ದಿನವಿಡೀ ಕಣ್ಣೆದುರಿಗೇ ಇರುತ್ತಾರೆ.

ಕರ್ಜತ್ ಲೋಕಲ್‌ನಲ್ಲಿ ಬದಲಾಪುರ ದಾಟಿದ ಮೇಲೆ ಡಬ್ಬಿಯ ಸ್ವಭಾವವೇ ಬದಲಾಗುತ್ತದೆ. ಆಫೀಸಿಗೆ ಹೋಗುವವರು ಇಳಿದು ಹೋಗಿ ಟೋಪಿ ಹಾಕಿದ ಮಕ್ಕಳು, ಥೇಪ್ಲಾ ಡಬ್ಬಿ ತೆರೆದ ಗುಜರಾತಿ ಕುಟುಂಬಗಳು, ಬ್ಲೂಟೂತ್ ಸ್ಪೀಕರ್ ಹಿಡಿದ ಕಾಲೇಜು ಹುಡುಗರು, ಮೊಣಕೈವರೆಗೆ ಮೆಹಂದಿಯ ಹೊಸ ಹೆಣ್ಣುಮಗಳು ಇವರಷ್ಟೇ ಉಳಿಯುತ್ತಾರೆ. ವಾಂಗಣಿ, ಶೇಲು ಆಗಿ ನೇರಳ ಸ್ಟೇಷನ್ ಬಂದಾಗ ಬೋರ್ಡು ಓದಿದ ಆಯಿ, "ನೇರಳೆ ಹಣ್ಣಿನ ಊರೋ?" ಎಂದು ಕೇಳಿದಳು. ಹೊರಗೆ ಬಂದರೆ ನಿಜವಾಗಿಯೂ ಆದಿವಾಸಿ ಹೆಂಗಸರು ಸಾಲಾಗಿ ಕೂತು ಎಲೆಯ ದೊನ್ನೆಗಳಲ್ಲಿ ಹಣ್ಣು ಮಾರುತ್ತಿದ್ದರು. ನೇರಳೆಯೂ ಇತ್ತು, ಮರಾಠಿಯವರು ಕರವಂದ ಎನ್ನುವ ನಮ್ಮ ಕವಳಿ ಹಣ್ಣೂ ಇತ್ತು. ಮಕ್ಕಳು ಮೊದಲ ಬಾರಿಗೆ ಕವಳಿ ಹಣ್ಣು ತಿಂದು, ಬಾಯಿಗಂಟಿದ ಹಾಲಿನಂಥ ಸೊನೆಗೆ ಮುಖ ಕಿವುಚಿದರು. ಆಯಿ ಒಂದು ದೊನ್ನೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ್ದಳು.

ನೇರಳದಿಂದ ಮಾಥೇರಾನಿಗೆ ಆಟಿಕೆ ರೈಲಿದೆ. ಎರಡಡಿ ಅಗಲದ ಹಳಿ, ಸುಮಾರು 21 ಕಿಲೋಮೀಟರ್ ದಾರಿ. ಮುಂಬೈಯ ವ್ಯಾಪಾರಿ ಆದಮ್‌ಜೀ ಪೀರ್‌ಭಾಯ್ ಅವರ ಮನೆತನದ ಹಣದಲ್ಲಿ, ಅವರ ಮಗ ಅಬ್ದುಲ್ ಹುಸೇನರ ಮುತುವರ್ಜಿಯಲ್ಲಿ 1904ರಿಂದ 1907ರ ನಡುವೆ ಕಟ್ಟಿದ್ದು. 2005ರ ಜುಲೈ 26ರಂದು ಮುಂಬೈ ಮುಳುಗಿತಲ್ಲ, ಅದೇ ಮಳೆಗೆ ಈ ಹಳಿಯೂ ಕೊಚ್ಚಿಹೋಗಿ, ಮತ್ತೆ ರೈಲು ಓಡಿದ್ದು 2007ರಲ್ಲಿ. ಇಷ್ಟೆಲ್ಲ ಕಥೆಯನ್ನು ಮಗಳಿಗೆ ಹೇಳುತ್ತಾ ಕೌಂಟರಿನವರೆಗೆ ಹೋದರೆ ಟಿಕೇಟು ಮುಗಿದಿತ್ತು. ಮತ್ಸ್ಯಗಂಧಾ ಸಿಗದವರಿಗೆ ಆಟಿಕೆ ರೈಲು ಮಾತ್ರ ಸಿಕ್ಕೀತೇ! ಶೇರ್ ಟ್ಯಾಕ್ಸಿ ಹತ್ತಿ, ತಿರುವು ತಿರುವಿನಲ್ಲಿ ಮಗನ ಹೊಟ್ಟೆ ತೊಳಸುವುದನ್ನು ಸಂಭಾಳಿಸುತ್ತಾ ದಸ್ತುರಿ ನಾಕಾ ತಲುಪಿದೆವು.

ಟ್ಯಾಕ್ಸಿಯ ಲೋಕ ಮುಗಿಯುವುದು ದಸ್ತುರಿಯಲ್ಲಿ. ಅಲ್ಲಿಂದ ಪೇಟೆಗೆ ಎರಡೂವರೆ ಮೂರು ಕಿಲೋಮೀಟರ್. ಗಾಡಿಯ ಬಾಗಿಲು ತೆರೆಯುವ ಮುಂಚೆಯೇ ಕುದುರೆಯವರು, ಕೈರಿಕ್ಷಾದವರು, ಹಮಾಲರು ಸುತ್ತುವರಿದರು. "ನಡೆಯಲು ಆಗುವುದಿಲ್ಲ, ತುಂಬಾ ದೂರ" ಎಂದು ಒಬ್ಬ, "ರೈಲು ಇವತ್ತು ಇಲ್ಲ" ಎಂದು ಇನ್ನೊಬ್ಬ. ಇಂಥ ಮಾತುಗಳಿಂದ ಪ್ರವಾಸಿಗರು ಮೋಸಹೋಗುತ್ತಾರೆ, ಊರಿಗೆ ಕೆಟ್ಟ ಹೆಸರು ಬರುತ್ತದೆ ಎಂದು ಆ ವರ್ಷದ ಮಾರ್ಚಿನಲ್ಲಿ ಮಾಥೇರಾನಿನವರೇ ಊರು ಬಂದ್ ಮಾಡಿದ್ದರು. ಹಾಗಾಗಿ ಸ್ವಲ್ಪ ಎಚ್ಚರವಿತ್ತು. ಹತ್ತು ಹೆಜ್ಜೆ ಮುಂದೆ ಅಮನ್ ಲಾಡ್ಜ್ ಸ್ಟೇಷನ್ನಿನಲ್ಲಿ ಷಟಲ್ ರೈಲು ಇದ್ದೇ ಇತ್ತು. ಆದರೆ ಅದರ ಸಾಲು ದೇವಸ್ಥಾನದ ಪ್ರಸಾದದ ಸಾಲಿನಂತೆ ಬಾಗಿ ಬಾಗಿ ಹೋಗಿತ್ತು. ಇ-ರಿಕ್ಷಾದ ಸಾಲೂ ಹಾಗೆಯೇ.

ಆ ಗದ್ದಲದ ನಡುವೆ ನನ್ನ ಕಣ್ಣಿಗೆ ಬಿದ್ದದ್ದು ಹೆಂಗಸರು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ತಲೆಯ ಮೇಲೆ ಸಿಂಬಿ ಇಟ್ಟು, ಅದರ ಮೇಲೆ ಒಂದರ ಮೇಲೊಂದು ಸೂಟ್‌ಕೇಸ್ ಹೊತ್ತು ನಡೆಯುತ್ತಿದ್ದರು. ನಾಲ್ಕು ಚಕ್ರದ, ವಿಮಾನ ನಿಲ್ದಾಣದ ನುಣ್ಣನೆ ನೆಲಕ್ಕೆಂದು ಮಾಡಿದ ಸೂಟ್‌ಕೇಸ್‌ಗಳು. ಕೆಂಪು ಕಲ್ಲು ಮಣ್ಣಿನ ದಾರಿಯಲ್ಲಿ ಆ ಚಕ್ರಗಳು ಯಾವ ಕೆಲಸಕ್ಕೂ ಬಾರದೆ, ಹೊತ್ತವಳ ತಲೆಯ ಮೇಲೆ ಆಕಾಶ ನೋಡುತ್ತಾ ಗಿರಗಿರ ತಿರುಗುತ್ತಿದ್ದವು. ಹಿಂದೆ ಮಾಲೀಕರು ನೀರಿನ ಬಾಟಲಿ ಹಿಡಿದುಕೊಂಡು ಏದುಸಿರು ಬಿಡುತ್ತಾ ಹೋಗುತ್ತಿದ್ದರು. ಎರಡು ದಿನಕ್ಕೆ ಇಷ್ಟು ಬಟ್ಟೆ ಏಕೆ ಎಂದು ಅವರೂ ಕೇಳಿಕೊಂಡಿದ್ದಾರು.

ಆಯಿಗೆ ಮೂರು ಕಿಲೋಮೀಟರ್ ನಡೆಯುವುದು ಸಾಧ್ಯವಿರಲಿಲ್ಲ. ಕುದುರೆ ಹತ್ತುವ ಮಾತೇ ಇಲ್ಲ. ಕೊನೆಗೆ ದರದ ಫಲಕ ನೋಡಿ ಕೈರಿಕ್ಷಾ ಗೊತ್ತುಮಾಡಿದೆವು. ಕೈರಿಕ್ಷಾ ಎಂದರೆ ಎರಡು ದೊಡ್ಡ ಚಕ್ರದ ಮೇಲೆ ಒಂದು ಕುರ್ಚಿ. ಮುಂದೆ ಒಬ್ಬ ಎಳೆಯುತ್ತಾನೆ, ಹಿಂದೆ ಇಬ್ಬರು ಏರಿನಲ್ಲಿ ತಳ್ಳುತ್ತಾರೆ, ಇಳಿಜಾರಿನಲ್ಲಿ ಜಗ್ಗಿ ಹಿಡಿಯುತ್ತಾರೆ. ಮುಂದಿನವನಿಗೆ ಐವತ್ತು ದಾಟಿತ್ತು. ನಾನು, ಮಗಳು ಪಕ್ಕದಲ್ಲಿ ನಡೆಯುತ್ತಿದ್ದೆವು. ಆಯಿ ಕುರ್ಚಿಯ ತುದಿಯಲ್ಲಿ, ಮುಳ್ಳಿನ ಮೇಲೆ ಕೂತಂತೆ ಕೂತಿದ್ದಳು. ಮೊದಲ ಏರು ಬಂದ ಕೂಡಲೇ, "ತಮಾ, ಆನು ಇಲ್ಲಿ ಇಳೀತಿ, ನಡ್ಕಂಡು ಬತ್ತಿ" ಎಂದಳು. ಗಾಡಿ ನಿಂತಿತು. ಇಳಿದು ಮಂಡಿ ಹಿಡಿದುಕೊಂಡು ಇಪ್ಪತ್ತು ಹೆಜ್ಜೆ ನಡೆದು ಮತ್ತೆ ಹತ್ತಿದಳು. ಎರಡನೇ ಏರಿನಲ್ಲೂ ಹಾಗೇ ಆಯಿತು. ಮೂರನೇ ಸಲ ಇಳಿಯಲು ಹೊರಟಾಗ ಮುಂದಿನವನು ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಾ ಮರಾಠಿಯಲ್ಲಿ ಹೇಳಿದ: "ಆಯೀ, ಕೂತೇ ಇರಿ. ಓಡುವ ಗಾಡಿ ಎಳೆಯುವುದು ಕಷ್ಟವಲ್ಲ. ನಿಂತ ಗಾಡಿಯನ್ನು ಏರಿನಲ್ಲಿ ಹೊರಡಿಸುವುದೇ ಕಷ್ಟ."

ಎಂಜಿನಿಯರಿಂಗ್ ಓದುವಾಗ ಸ್ಥಾಯೀ ಘರ್ಷಣೆ, ಚಲನ ಘರ್ಷಣೆ ಎಂದು ಪರೀಕ್ಷೆಗೆ ಬರೆದಿದ್ದೆ. ಅದು ಒಬ್ಬನ ಬೆನ್ನಿನಲ್ಲಿ ಎಷ್ಟು ನೋವಾಗಿ ಕೂತಿರುತ್ತದೆ ಎಂದು ನೋಡಿದ್ದು ಅವತ್ತು. ನಮ್ಮ ಊರ ಕಡೆ ತಾಯಿಯನ್ನು ಕರೆಯುವುದೂ ಆಯಿ ಎಂದೇ. ಅವನು ಹಾಗೆ ಕರೆದ ಮೇಲೆ ಆಯಿ ಮತ್ತೆ ಇಳಿಯುವ ಮಾತಾಡಲಿಲ್ಲ. ಸರಿಯಾಗಿ ಹಿಂದಕ್ಕೆ ಒರಗಿ ಕೂತಳು. ತುದಿಯಲ್ಲಿ ಕೂತರೆ ತೂಕ ಮುಂದಿನವನ ಕೈಗೆ ಬೀಳುತ್ತದೆ, ಹಿಂದೆ ಒರಗಿದರೆ ಹಗುರ ಎಂದೂ ಅವನೇ ಹೇಳಿದ. ನಾವು ಪಾಪ ಎಂದುಕೊಂಡು ಮಾಡುವ ಎಷ್ಟೋ ಉಪಕಾರಗಳು ಹೊರುವವನಿಗೆ ಹೆಚ್ಚಿನ ಹೊರೆಯೇ ಆಗುತ್ತವೆ. ಅವನಿಗೆ ಬೇಕಾದದ್ದು ಏನೆಂದು ಅವನನ್ನೇ ಕೇಳುವುದು ವಾಸಿ.

ಅವನು ಹೇಳಿದ ಇನ್ನೊಂದು ಸಂಗತಿ ಇ-ರಿಕ್ಷಾದ್ದು. ಅದು ಬಂದರೆ ನಿಮ್ಮ ಹೊಟ್ಟೆಪಾಡಿಗೆ ತೊಂದರೆಯಲ್ಲವೇ ಎಂದು ಕೇಳಿದ್ದಕ್ಕೆ ಹಿಂದೆ ತಳ್ಳುತ್ತಿದ್ದ ಹುಡುಗ ನಕ್ಕ. "ಕೇಳಿದವರೇ ನಾವು" ಎಂದ. ಮಾತು ನಿಜ. ಇ-ರಿಕ್ಷಾ ಬೇಕೆಂದು ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಕೈರಿಕ್ಷಾದವರ ಸಂಘಟನೆಯೇ. ಊರಿನಲ್ಲಿ ಆಗ 94 ಕೈರಿಕ್ಷಾ ಪರವಾನಗಿಗಳಿದ್ದವು. ನ್ಯಾಯಾಲಯದ ಅನುಮತಿಯಿಂದ 2022ರ ಡಿಸೆಂಬರಿನಲ್ಲಿ ಕೆಲವು ಇ-ರಿಕ್ಷಾಗಳು ಪ್ರಯೋಗಕ್ಕೆಂದು ಓಡಿದವು. ಆಮೇಲೆ ಅವುಗಳ ಸಂಖ್ಯೆ 20ಕ್ಕೆ ಬಂತು. ವಿರೋಧ ಬಂದದ್ದು ಮುಖ್ಯವಾಗಿ ಕುದುರೆಯವರ ಕಡೆಯಿಂದ. ಅವರ ಹೆದರಿಕೆಯನ್ನೂ ತಳ್ಳಿಹಾಕುವಂತಿಲ್ಲ. ಮರುದಿನ ಮಗನನ್ನು ಕುದುರೆ ಮೇಲೆ ಕೂರಿಸಿಕೊಂಡು ಹೋದವನು ಹೇಳಿದ್ದು: "ರಿಕ್ಷಾ ನಿಲ್ಲಿಸಿದರೆ ಅದಕ್ಕೆ ಚಾರ್ಜಿಂಗ್ ಬೇಡ. ಕುದುರೆಗೆ ಮಳೆಗಾಲದಲ್ಲಿ ಗಿರಾಕಿ ಇಲ್ಲದಿದ್ದರೂ ಹಸಿವಾಗುತ್ತದೆ." ರಸ್ತೆಗೆ ಹಾಸುವ ಬ್ಲಾಕಿನ ಮೇಲೂ ಜಗಳವಿದೆ. ಬ್ಲಾಕ್ ಹಾಸಿದರೆ ರಿಕ್ಷಾದ ಚಕ್ರಕ್ಕೆ ಸಲೀಸು, ಕುದುರೆಯ ಗೊರಸಿಗೆ ಜಾರು. ಒಂದೇ ದಾರಿ, ಇಬ್ಬರ ಅನ್ನ.

ಹೀಗೆ ಹೊರುವುದು ಇಲ್ಲಿ ಹೊಸತೇನಲ್ಲ. 1850ರ ಮೇ ತಿಂಗಳಲ್ಲಿ ಠಾಣೆಯ ಕಲೆಕ್ಟರ್ ಆಗಿದ್ದ ಹ್ಯೂ ಮ್ಯಾಲೆಟ್ ಎಂಬಾತ ಈ ಬೆಟ್ಟ ಹತ್ತಿದ. ಮುಂಬೈಯ ಸೆಕೆ ತಾಳಲಾರದ ಬ್ರಿಟಿಷರಿಗೆ, ಅವರ ಹಿಂದೆಯೇ ಪಾರ್ಸಿ ಸಿರಿವಂತರಿಗೆ ಇದು ಬೇಸಿಗೆಯ ಠಿಕಾಣಿಯಾಯಿತು. ರೈಲು ಬರುವ ಮುಂಚೆ ಅವರೆಲ್ಲ ಮೇಲೆ ಬಂದದ್ದು ತಟ್ಟುಗಳ ಮೇಲೆ, ಪಲ್ಲಕ್ಕಿಗಳಲ್ಲಿ. ಮರಗಳ ನಡುವೆ ಈಗಲೂ ಕಾಣುವ ಹಳೆಯ ಬಂಗಲೆಗಳ ಕಲ್ಲು, ಹಂಚು, ಮಂಚ, ಕನ್ನಡಿ ಎಲ್ಲವೂ ಯಾರದೋ ತಲೆ, ಯಾವುದೋ ಪ್ರಾಣಿಯ ಬೆನ್ನು ಏರಿಯೇ ಬಂದಿರಬೇಕು. ಮರಗಳು ದಟ್ಟ, ನೆರಳು ತಂಪು, ಕಾಲಡಿಗೆ ಕೆಂಪು ಮಣ್ಣು. ಸಂಜೆ ಮಕ್ಕಳ ಸಾಕ್ಸ್ ತೊಳೆದ ಹೆಂಡತಿ ಕೆಂಪು ನೀರು ಚೆಲ್ಲುವಾಗ ಆಯಿಗೆ ಎಲ್ಲಿಲ್ಲದ ಸಂತೋಷ. "ನಮ್ಮೂರ ಮಣ್ಣೇ ಇದು" ಎಂದಳು. ಅದೇ ಮುರಕಲ್ಲಿನ ಮಣ್ಣು, ಒಮ್ಮೆ ಬಟ್ಟೆಗೆ ಹತ್ತಿದರೆ ಬಿಡದು.

ಪೇಟೆಯಲ್ಲಿ ಚಿಕ್ಕಿ ಮತ್ತು ಚಪ್ಪಲಿ ಅಂಗಡಿಗಳು ಸಾಲಾಗಿವೆ. ಒಂದು ಅಂಗಡಿಯ ಮುಂದೆ ನೀರಿನ ಬಾಟಲಿಗಾಗಿ ಜಗಳ ಹತ್ತಿತ್ತು. ಪ್ರವಾಸಿಗ ಬಾಟಲಿಯ ಮೇಲಿನ ಎಂಆರ್‌ಪಿ ತೋರಿಸುತ್ತಾ ಹತ್ತು ರೂಪಾಯಿ ಏಕೆ ಹೆಚ್ಚು ಎಂದು ಕೂಗುತ್ತಿದ್ದ. ಗ್ರಾಹಕ ವೇದಿಕೆಗೆ ಹೋಗುತ್ತೇನೆ ಎನ್ನುವವರೆಗೆ ಮಾತು ಬೆಳೆಯಿತು. ಅಂಗಡಿಯವನು ಉತ್ತರ ಕೊಡದೆ ರಸ್ತೆಯ ಕಡೆ ಕೈ ತೋರಿಸಿದ. ಬೆನ್ನಿನ ಎರಡೂ ಬದಿಗೆ ಇಟ್ಟಿಗೆ ತುಂಬಿದ ಚೀಲ ಇಳಿಬಿಟ್ಟ ಕುದುರೆಗಳ ಸಾಲು ಹೋಗುತ್ತಿತ್ತು. ಅದರ ಹಿಂದೆ ಕೈಗಾಡಿಯಲ್ಲಿ ಸಿಲಿಂಡರ್‌ಗಳನ್ನು ತಳ್ಳಿಕೊಂಡು ಇಬ್ಬರು. ಅದರ ಹಿಂದೆ ನೀರಿನ ಬಾಟಲಿಗಳ ಪೆಟ್ಟಿಗೆ ಹೊತ್ತ ಹುಡುಗ. ಜಗಳ ಅಲ್ಲಿಗೇ ನಿಂತಿತೆಂದು ಹೇಳಲಾರೆ. ಆ ಮನುಷ್ಯ ಗೊಣಗುತ್ತಲೇ ದುಡ್ಡು ಕೊಟ್ಟ. ಕಾನೂನು ಯಾರ ಪರ ಎಂಬುದು ಬೇರೆ ಪ್ರಶ್ನೆ. ಬಾಟಲಿಯ ಮೇಲೆ ಅಚ್ಚಾದ ಬೆಲೆಯಲ್ಲಿ ದಸ್ತುರಿಯಿಂದ ಪೇಟೆಯವರೆಗಿನ ಮೂರು ಕಿಲೋಮೀಟರ್ ಇಲ್ಲ ಎಂಬುದಂತೂ ಕಣ್ಣಿಗೆ ಕಾಣುತ್ತಿತ್ತು.

ಆ ರಾತ್ರಿ ಕರೆಂಟು ಹೋಗಿತ್ತು. ಹೋಟೆಲಿನ ವರಾಂಡದಲ್ಲಿ ಕೂತು, ಮಂಗಗಳು ತಗಡಿನ ಮೇಲೆ ಧಡಧಡ ಓಡುವ ಸದ್ದು ಕೇಳುತ್ತಾ ಆಯಿ ತನ್ನ ಅಬ್ಬೆಯ ಕಥೆ ಹೇಳಿದಳು. ಅವಳ ತವರು ಘಟ್ಟದ ಬುಡದ ಊರು. ಮಳೆಗಾಲದಲ್ಲಿ ಬಸ್ಸಿನ ರಸ್ತೆಗೆ ಹೋಗಬೇಕಾದರೆ ಹಳ್ಳ ದಾಟಬೇಕು. ಒಂದು ಆಷಾಢದಲ್ಲಿ ಅಬ್ಬೆಗೆ ಜ್ವರ ನೆತ್ತಿಗೇರಿದಾಗ ಬಿದಿರಿಗೆ ಕಂಬಳಿ ಕಟ್ಟಿ ಜೋಲಿ ಮಾಡಿ ನಾಲ್ಕು ಜನ ಹೊತ್ತು ಒಯ್ದರಂತೆ. "ದುಡ್ಡು ಎಷ್ಟು ಕೊಟ್ಟಿ?" ಎಂದು ಕೇಳಿದ್ದು ನನ್ನ ಆರು ವರ್ಷದ ಮಗ. ಬೆಳಿಗ್ಗೆಯಿಂದ ಎಲ್ಲದಕ್ಕೂ ದರದ ಫಲಕ ನೋಡಿದವನಿಗೆ ಆ ಪ್ರಶ್ನೆ ಸಹಜ. ಆಯಿ, "ದುಡ್ಡು ಎಂತಕ್ಕೆ? ನಾಳೆ ಅವರ ಮನೆಯವರನ್ನ ನಮ್ಮವರು ಹೊರ್ತಿದ್ದ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ತಾನೇ, "ಎಲ್ಲರೂ ಎಲ್ಲರನ್ನೂ ಹೊರ್ತಿದ್ದಿಲ್ಲೆ ಹೇಳು" ಎಂದೂ ಸೇರಿಸಿದಳು. ಹೊತ್ತ ನಾಲ್ವರಲ್ಲಿ ಇಬ್ಬರು ತೋಟದ ಕೆಲಸದವರು. ಅವರ ಮನೆಯವರಿಗೆ ಕಾಯಿಲೆಯಾದಾಗ ಹೊರಲು ಯಾರು ಹೋಗಿದ್ದರೆಂದು ಅವಳಿಗೆ ನೆನಪಿಲ್ಲ.

ಆ ಮಾತಿನಿಂದ ಹಳೆಯ ಕಾಲದ ಬಗೆಗಿನ ನನ್ನ ಬೆಚ್ಚನೆಯ ಕಲ್ಪನೆ ಸ್ವಲ್ಪ ಕದಲಿತು. ಹೊರುವ ಕೆಲಸ ಪ್ರೀತಿಯದ್ದೋ ಕೂಲಿಯದ್ದೋ ಎಂಬುದಕ್ಕಿಂತ ಹೊರುವವನು ಯಾವಾಗಲೂ ಅವನೇ, ಕೂರುವವನು ಯಾವಾಗಲೂ ಇವನೇ ಎಂದಾದಾಗ ಅದು ಬೇರೆಯೇ ವಿಷಯ. ದೇಶದ ಅತ್ಯುನ್ನತ ನ್ಯಾಯಾಲಯ ಅದನ್ನೇ ಬೇರೆ ಮಾತಿನಲ್ಲಿ ಹೇಳಿತು. 2025ರ ಆಗಸ್ಟ್ 6ರಂದು ಮುಖ್ಯ ನ್ಯಾಯಮೂರ್ತಿ ಬಿ. ಆರ್. ಗವಾಯಿ ಅವರ ಪೀಠ ಮಾಥೇರಾನಿನಲ್ಲಿ ಮನುಷ್ಯ ಮನುಷ್ಯನನ್ನು ಎಳೆಯುವ ಪದ್ಧತಿ ಆರು ತಿಂಗಳಲ್ಲಿ ನಿಲ್ಲಬೇಕು ಎಂದು ಆದೇಶಿಸಿತು. ಸ್ವಾತಂತ್ರ್ಯ ಬಂದು ಇಷ್ಟು ವರ್ಷಗಳ ಮೇಲೂ ಇಂಥದ್ದು ಉಳಿದಿರುವುದು ಸಂವಿಧಾನ ಕೊಟ್ಟ ಮಾತಿಗೆ ವಿರುದ್ಧ ಎಂಬುದು ತೀರ್ಪಿನ ತಿರುಳು. ಪಂಜಾಬಿನ ರಿಕ್ಷಾ ಎಳೆಯುವವರ ಬಗ್ಗೆ ಅದೇ ನ್ಯಾಯಾಲಯ 1980ರಲ್ಲಿ ಕೊಟ್ಟ ತೀರ್ಪನ್ನೂ ಪೀಠ ನೆನಪಿಸಿತು.

ತೀರ್ಪಿನಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿದ್ದು ನಿಷೇಧಕ್ಕಿಂತ ಅದರ ಮುಂದಿನ ಭಾಗ. ಗುಜರಾತಿನ ಕೇವಡಿಯಾದಲ್ಲಿ ಸ್ಥಳೀಯರಿಗೆ ಇ-ರಿಕ್ಷಾ ಬಾಡಿಗೆಗೆ ಕೊಡುವ ಯೋಜನೆಯಿದೆ. ಮಹಾರಾಷ್ಟ್ರ ಸರ್ಕಾರವೂ ಹಾಗೇ ಇ-ರಿಕ್ಷಾ ಕೊಂಡು, ನಿಜವಾಗಿ ಎಳೆಯುತ್ತಿದ್ದವರನ್ನು ಗುರುತಿಸಿ ಅವರಿಗೇ ಬಾಡಿಗೆಗೆ ಕೊಡಬೇಕು. ಇನ್ನೂ ಬೇಕಾದರೆ ಆದಿವಾಸಿ ಮಹಿಳೆಯರಿಗೂ ಕೊಡಬಹುದು. ಹಣವಿಲ್ಲ ಎಂಬ ನೆಪ ಹೇಳಬಾರದು. ಇದು ಸಣ್ಣ ಮಾತಲ್ಲ. ಕೈರಿಕ್ಷಾ ನಿಲ್ಲಿಸುವುದು ಸುಲಭ, ಒಂದು ಆದೇಶ ಸಾಕು. ಆದರೆ ಎಳೆಯುವವನ ಬದಲು ದುಡ್ಡಿದ್ದವನೊಬ್ಬ ಹತ್ತು ಇ-ರಿಕ್ಷಾ ತಂದು ಓಡಿಸಿದರೆ, ಬೆನ್ನುನೋವು ಹೋಗಿ ಹಸಿವು ಬರುತ್ತದೆ. ಹ್ಯಾಂಡಲ್ ಹಿಡಿಯುವ ಕೈ ಹಿಂದೆ ನೊಗ ಹಿಡಿದಿದ್ದ ಕೈಯೇ ಆಗಿರಬೇಕು. ಕೆಲಸದಲ್ಲಿ ಹೊಸ ತಂತ್ರಜ್ಞಾನ ಬಂದಾಗ ಹಳಬರು ಏನಾಗುತ್ತಾರೆ ಎಂಬ ಪ್ರಶ್ನೆಯನ್ನು ಐಟಿಯವರಾದ ನಾವು ಈಗ ದಿನವೂ ಕ್ಯಾಂಟೀನಿನಲ್ಲಿ ಮಾತಾಡುತ್ತೇವೆ. ಮಾಥೇರಾನಿನ ಕೈರಿಕ್ಷಾದವರು ಅದನ್ನು ನಮಗಿಂತ ಮುಂಚೆಯೇ, ನಮಗಿಂತ ಸ್ಪಷ್ಟವಾಗಿ ಕೇಳಿದ್ದರು: ಯಂತ್ರ ಬರಲಿ, ಆದರೆ ನಮ್ಮ ಕೈಗೇ ಬರಲಿ.

ಪ್ರವಾಸ ಮುಗಿಸಿ ಕೆಳಗಿಳಿದ ಮೇಲೆ ನಗರದಲ್ಲಿ ಇದೆಲ್ಲ ಇಲ್ಲವೆಂದು ಅನಿಸುವುದು ಸಹಜ. ಇಲ್ಲಿ ಎಲ್ಲಕ್ಕೂ ಗಾಡಿಯಿದೆ, ಲಿಫ್ಟ್ ಇದೆ. ಆದರೆ ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಹತ್ತು ಕಿಲೋ ಸೋನಾ ಮಸೂರಿ, ಗ್ಯಾಸ್ ಸಿಲಿಂಡರ್ ಏಳನೇ ಮಹಡಿಗೆ ತಾನಾಗಿ ಹತ್ತಿ ಬರುವುದಿಲ್ಲ. ಹತ್ತು ನಿಮಿಷದಲ್ಲಿ ಸಾಮಾನು ತಂದುಕೊಡುವ ಹುಡುಗನ ಮುಖ ಬಾಗಿಲು ತೆರೆದ ಐದು ಸೆಕೆಂಡು ಕಾಣುತ್ತದೆ, ಕೆಲವೊಮ್ಮೆ ಅದೂ ಇಲ್ಲ. "ಬಾಗಿಲ ಬಳಿ ಇಟ್ಟು ಹೋಗಿ" ಎಂದು ಆಪ್‌ನಲ್ಲೇ ಒತ್ತಿರುತ್ತೇವೆ. ಎಷ್ಟೋ ಸೊಸೈಟಿಗಳಲ್ಲಿ ಅವನಿಗೆ ಬೇರೆ ಲಿಫ್ಟ್, ಆ ಲಿಫ್ಟ್ ಕೆಟ್ಟರೆ ಮೆಟ್ಟಿಲು. ಮಾಥೇರಾನಿನಲ್ಲಿ ಭಾರ ಹೊತ್ತವನ ಜೊತೆ ಮೂರು ಕಿಲೋಮೀಟರ್ ಪಕ್ಕದಲ್ಲೇ ನಡೆಯಬೇಕಾಗುತ್ತದೆ. ಅವನ ಉಸಿರು ಕೇಳಿಸುತ್ತದೆ. ನಗರದಲ್ಲಿ ಕೇಳಿಸದಂತೆ ಏರ್ಪಾಡಾಗಿದೆ.

ಬೇಸಿಗೆಗೆ ಅಲ್ಲಿಗೆ ಹೋಗುವವರಿಗೆ ನನ್ನದು ಸಣ್ಣ ಸಲಹೆಗಳು. ಚಕ್ರದ ಸೂಟ್‌ಕೇಸ್ ಬಿಟ್ಟು ಬೆನ್ನಿಗೆ ಹಾಕುವ ಚೀಲ ಒಯ್ಯಿರಿ. ಮಕ್ಕಳ ಬಟ್ಟೆ ಮಕ್ಕಳೇ ಹೊರಲಿ. ದಸ್ತುರಿಯಲ್ಲಿ ಯಾರು ಏನೇ ಹೇಳಿದರೂ ಮೊದಲು ಸ್ಟೇಷನ್ನಿಗೆ ಹೋಗಿ ಷಟಲ್ ಇದೆಯೇ ನೋಡಿ. ದರದ ಫಲಕ ಓದಿ, ಮಾತು ಮೊದಲೇ ಮುಗಿಸಿ, ತಲುಪಿದ ಮೇಲೆ ಚೌಕಾಸಿ ಮಾಡಬೇಡಿ. ನಡೆಯಬಲ್ಲವರು ನಡೆಯಿರಿ, ದಾರಿ ನೆರಳಿನದ್ದು. ಹಮಾಲರ ತಲೆಗೆ ಚೀಲ ಏರಿಸುವ ಮುಂಚೆ ಅದನ್ನು ಒಮ್ಮೆ ನಿಮ್ಮ ಕೈಯಿಂದ ಎತ್ತಿ ನೋಡಿ. ಆಮೇಲೆ ದರ ಹೆಚ್ಚೋ ಕಡಿಮೆಯೋ ಎಂದು ನಿರ್ಧರಿಸಿ.